ಕೃಷ್ಣೆಯ ಅಗಲ: ಮೂರು ತಂಡಕ್ಕೆ ಮೂರು ಉತ್ತರ ಬಂದಿದೆ, ತಪ್ಪು ಎಲ್ಲಿ?

ಹೊಳೆದಂಡೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಜಮಖಂಡಿ ಕಡೆ ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ತ್ರಿಕೋನಮಿತಿ ಪಾಠ ಮುಗಿದ ಮೇಲೆ ಮಕ್ಕಳನ್ನು ಹೊಳೆ ದಂಡೆಗೆ ಕರೆದುಕೊಂಡು ಹೋಗಿದ್ದೆ. ನೀರಿಗೆ ಇಳಿಯದೆ ಅಗಲ ಅಳೆಯಬೇಕು ಅಂತ ಆಸೆ.

ಆಚೆ ದಡದಲ್ಲಿ ಸುಣ್ಣ ಬಳಿದ ಜಾಕ್‌ವೆಲ್ (ಹೊಳೆ ನೀರೆತ್ತುವ ಪಂಪಿನ ಬಾವಿಕಟ್ಟಡ) ಇದೆ. ಅದರ ನೇರಕ್ಕೆ ಈಚೆ ಒಂದು ಗೂಟ ಹೊಡೆದೆವು. ದಂಡೆಗುಂಟ 20 ಮೀಟರ್ ನಡೆದು ಎರಡನೇ ಗೂಟ. ಅಲ್ಲಿಂದ ಮೊದಲ ಗೂಟಕ್ಕೂ ಜಾಕ್‌ವೆಲ್‌ಗೂ ನಡುವಿನ ಕೋನವನ್ನು ಮೊಬೈಲ್ ದಿಕ್ಸೂಚಿಯಲ್ಲಿ ನೋಡಿದೆವು. ಮೂರು ತಂಡಕ್ಕೆ 86, 87, 88 ಡಿಗ್ರಿ ಬಂತು. 20 ಮೀಟರನ್ನು ಆ ಕೋನದ ಟ್ಯಾನ್‌ನಿಂದ (ಲಂಬಕೋನ ತ್ರಿಭುಜದಲ್ಲಿ ಎದುರು ಬದಿ ಭಾಗಿಸು ಪಕ್ಕದ ಬದಿ) ಗುಣಿಸಿದರೆ ಅಗಲ 286, 382, 573 ಮೀಟರ್! ಮ್ಯಾಪ್‌ನಲ್ಲಿ ನೀರಿನ ಅಂಚಿನಿಂದ ಅಂಚಿಗೆ ಅಳೆದರೆ 290. "ಸರ್, ಯಾವುದು ಸರಿ?" ಅಂತ ಮಕ್ಕಳು ಕೇಳುತ್ತಿದ್ದಾರೆ. ದಯವಿಟ್ಟು ಸಹಾಯ ಮಾಡಿ.

ಸರಪಳಿ ಹಿಡಿದವ:
ಮೇಷ್ಟ್ರೇ, ಮಕ್ಕಳು ಚೆನ್ನಾಗಿಯೇ ಅಳೆದಿದ್ದಾರೆ. ಮೊಬೈಲ್‌ನಲ್ಲಿ ಒಂದು ಡಿಗ್ರಿ ಆಚೀಚೆ ಆಗುವುದು ಸಹಜ. ತೊಂದರೆ ಇರುವುದು ಆ 20 ಮೀಟರ್‌ನಲ್ಲಿ. ಕೋನ 90ರ ಹತ್ತಿರ ಹೋದಂತೆ ಟ್ಯಾನ್ ಬೆಲೆ ಜಿಗಿಯುತ್ತದೆ. 87ಕ್ಕೆ 19, 88ಕ್ಕೆ 28.6. ಒಂದೇ ಡಿಗ್ರಿ, ಆದರೆ ಹೊಳೆ 190 ಮೀಟರ್ ಹಿಗ್ಗಿತು!

ದಂಡೆಗುಂಟ ದೂರ ಜಾಸ್ತಿ ಮಾಡಿ. ಅಗಲ 400ರ ಆಸುಪಾಸು ಅನ್ನಿಸಿದರೆ 200 ಮೀಟರ್ ಆದರೂ ಬೇಕು. ಆಗ ಕೋನ 63ರ ಹತ್ತಿರ ಬರುತ್ತದೆ. ಡಿಗ್ರಿಗೆ 17-18 ಮೀಟರ್ ಮಾತ್ರ ವ್ಯತ್ಯಾಸ. ದಂಡೆ ನೇರ ಇದ್ದು ಜಾಗ ಸಿಕ್ಕರೆ ಕೋನ 45 ಆಗುವವರೆಗೂ ನಡೆಯಿರಿ. ಆಗ ನಡೆದ ದೂರವೇ ಅಗಲ, ಟ್ಯಾನ್ ಕೂಡ ಬೇಡ. ಊರಲ್ಲಿ ಹೊಲ ಅಳೆಯುವ 33 ಅಡಿ ಸರಪಳಿ ಇದ್ದರೆ ಕೇಳಿ ತನ್ನಿ. 20 ಸರಪಳಿ ಅಂದರೆ 201 ಮೀಟರ್. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ; ಆ ಲೆಕ್ಕ ಎಲ್ಲಿಂದ ಬಂತು ಅಂತ ಮಕ್ಕಳಿಗೂ ಗೊತ್ತಾಗುತ್ತದೆ.

ಮೊದಲ ಗೂಟದ ಹತ್ತಿರ 90 ಡಿಗ್ರಿ ಹೇಗೆ ಹಿಡಿದಿರಿ?

ಹೊಳೆದಂಡೆ ಮೇಷ್ಟ್ರು:
ಕಣ್ಣಳತೆಯಲ್ಲಿ ಸರ್.

ಸರಪಳಿ ಹಿಡಿದವ:
ಅಲ್ಲೇ ಇನ್ನೊಂದು ತಪ್ಪು ಕೂತಿದೆ. 200 ಮೀಟರ್ ನಡೆದು ಕೋನ 63 ಬಂತು ಅಂದುಕೊಳ್ಳಿ. ಲೆಕ್ಕ 393 ಮೀಟರ್ ಅನ್ನುತ್ತದೆ. ಆದರೆ ಮೊದಲ ಗೂಟದ ಹತ್ತಿರ 90ರ ಬದಲು 95 ಇದ್ದರೆ ಜಾಕ್‌ವೆಲ್ ನಿಜವಾಗಿ ಇರುವುದು 476 ಮೀಟರ್ ಆಚೆ. ಹಾಗಾಗಿ ತ್ರಿಭುಜದ ಬದಿಗಳು 9, 12, 15 ಅಡಿ ಆಗುವಂತೆ ಹಗ್ಗಕ್ಕೆ ಗಂಟು ಹಾಕಿ ಮೂವರು ಮಕ್ಕಳ ಕೈಗೆ ಕೊಡಿ, ಬಿಗಿಯಾಗಿ ಎಳೆಯಲಿ. 9 ಮತ್ತು 12 ಸೇರುವ ಮೂಲೆ ಗೂಟದ ಮೇಲಿರಲಿ, ಒಂದು ಬದಿ ಜಾಕ್‌ವೆಲ್ ನೇರಕ್ಕೆ ಇರಲಿ. ಇನ್ನೊಂದು ಬದಿ ತೋರಿಸಿದ ಕಡೆಗೇ ನಡೆಯಿರಿ, ದಂಡೆ ಬಾಗಿದರೂ ನೀವು ಬಾಗಬೇಡಿ.

ಗುಬ್ಬಿ ಕಣ್ಣು:
ಸರ್, ಮೊಬೈಲ್ ಕವರ್‌ನಲ್ಲಿ ಅಯಸ್ಕಾಂತ ಇದ್ದರೆ ತೆಗೆದಿಡಿ. ಬೈಕು, ಪಂಪಿನ ಕಬ್ಬಿಣದ ಪೈಪಿನ ಪಕ್ಕ ನಿಂತರೂ ಮುಳ್ಳು ವಾಲುತ್ತದೆ. ನಾನಂತೂ ದಿಕ್ಸೂಚಿ ಬಿಟ್ಟು ಪ್ಲೈವುಡ್ ಹಲಗೆ ಮೇಲೆ ದೊಡ್ಡ ಕೋನಮಾಪಕ ಬರೆದು, ಎರಡು ಮೊಳೆ ಹೊಡೆದು ನೋಡುತ್ತೇನೆ. ಅರ್ಧ ಡಿಗ್ರಿ ಕೂಡ ಓದಬಹುದು.

ಮ್ಯಾಪ್‌ನ 290 ತಪ್ಪು ಅಂತಲೂ ಅಲ್ಲ. ನಿಮ್ಮ ಕಡೆ ಆಲಮಟ್ಟಿ ಹಿನ್ನೀರು ಬರುತ್ತದೆ ಅಲ್ವಾ? ಅಣೆಕಟ್ಟು ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ತುಂಬಿದಾಗ ಇರುವ ಅಂಚು ಬೇಸಿಗೆಯಲ್ಲಿ ಇರುವುದಿಲ್ಲ. ಕಂಪ್ಯೂಟರ್‌ನ ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳನ್ನು ತೆರೆದರೆ ತೆಗೆದ ದಿನ ಕಾಣುತ್ತದೆ. ನೀರಿನ ಅಂಚು ಬಿಡಿ, ಜಾಕ್‌ವೆಲ್ ಗೋಡೆಯಿಂದ ನಿಮ್ಮ ಗೂಟದ ಜಾಗಕ್ಕೆ ಅಳೆಯಿರಿ. ಅದು ಯಾವ ಕಾಲದಲ್ಲೂ ಬದಲಾಗದು. ಆ ಅಳತೆಯನ್ನೇ ಮಕ್ಕಳ ಲೆಕ್ಕದ ಪಕ್ಕ ಇಡಿ.

ಹೊಳೆದಂಡೆ ಮೇಷ್ಟ್ರು:
ಶನಿವಾರ ಮತ್ತೆ ಹೋಗಿದ್ದೆವು. ಸರಪಳಿ ಸಿಕ್ಕಿತು. ಕಬ್ಬು ಕಡಿದ ಹೊಲ ಇದ್ದಿದ್ದರಿಂದ 20 ಸರಪಳಿ ನೇರವಾಗಿ ಎಳೆದೆವು. ಗಂಟಿನ ಹಗ್ಗ ಹಿಡಿದ ಹುಡುಗಿ "ಇದು ಪೈಥಾಗೊರಸ್ ಅಲ್ವಾ ಸರ್!" ಅಂತ ಕೂಗಿದಳು. ನನಗೆ ತುಂಬಾ ಖುಷಿಯಾಯಿತು.

ಹಲಗೆಯಲ್ಲಿ 63, 63, 64 ಬಂತು. ಅಂದರೆ 394, 394, 412. ಮ್ಯಾಪ್‌ನಲ್ಲಿ ಗೂಟದಿಂದ ಜಾಕ್‌ವೆಲ್‌ಗೆ 403. ಆ ಚಿತ್ರ ಏಪ್ರಿಲ್‌ನದು, ನೀರು ಇಳಿದಿತ್ತು. ನಮ್ಮ ಗೂಟದಿಂದ ನೀರಿಗೆ ಟೇಪಿನಲ್ಲಿ 12 ಮೀಟರ್. ಆಚೆ ದಡದ ಪಂಪು ನೋಡಿಕೊಳ್ಳುವವರು ಫೋನ್ ಮಾಡಿ, ಜಾಕ್‌ವೆಲ್‌ನಿಂದ ನೀರಿಗೆ 38 ಮೀಟರ್ ಅಂದರು. ಮೂರು ಲೆಕ್ಕದ ಸರಾಸರಿ 400ರಿಂದ ಎರಡನ್ನೂ ಕಳೆದು ಸುಮಾರು 350 ಅಂತ ಬರೆದೆವು.

ಸರಪಳಿ ಹಿಡಿದವ:
ಬಹಳ ಸಂತೋಷ ಮೇಷ್ಟ್ರೇ. 350ರ ಪಕ್ಕದಲ್ಲಿ ಅಳೆದ ದಿನಾಂಕವನ್ನೂ ಬರೆಸಿ. ಗೂಟ ಕೀಳಬೇಡಿ, ಹಿನ್ನೀರು ತುಂಬಿದಾಗ ದೂರದಲ್ಲೇ ನಿಂತು ಇನ್ನೊಮ್ಮೆ ನೋಡಬಹುದು.