ಬೆರಳಿಗೆ ಬಂದ ನಿರುದ್ಯೋಗ

"ಎಂ ಸೈಜು ಅಂತಲೇ ಆರ್ಡರ್ ಮಾಡಿದ್ದು ರಾಯರೇ. ಒಳಗೆ ಇನ್ನೊಬ್ಬನಿಗೆ ಜಾಗ ಇದೆ!" ಸೀನ ಹೊಸ ಶರ್ಟಿನ ಪಕ್ಕೆ ಹಿಡಿದು ಜಗ್ಗಿದ.

"ಬಾಡಿಗೆಗೆ ಕೊಡು. ಎಂ ಅನ್ನೋದು ಅಳತೆ ಅಲ್ಲಯ್ಯಾ, ಆ ಕಂಪನಿಯವರ ಅಭಿಪ್ರಾಯ."

"ಸೈಜ್ ಚಾರ್ಟ್ ನೋಡಿದ್ದೆ. ಎದೆ 108 ಸೆಂಟಿಮೀಟರ್ ಅಂತಿತ್ತು."

"ಯಾರ ಎದೆ? ನಿನ್ನದೋ, ಶರ್ಟಿನದೋ? ಕೆಲವರು ಮೈ ಅಳತೆ ಬರೀತಾರೆ, ಕೆಲವರು ಬಟ್ಟೆ ಅಳತೆ. ಸರಿಯಾಗಿ ಕೂರೋ ಹಳೇ ಶರ್ಟಿಗೆ ಗುಂಡಿ ಹಾಕಿ ಮೇಜಿನ ಮೇಲೆ ಹರಡು. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪು ಹಿಡಿ, ಬಂದದ್ದನ್ನ ಎರಡರಷ್ಟು ಮಾಡು. ಅದು ಬಟ್ಟೆ ಅಳತೆ. ಫೋಟೋದ ಹುಡುಗನನ್ನ ನಂಬಬೇಡ, ಎಷ್ಟೋ ಸಲ ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿದಿರ್ತಾರೆ."

"ಕ್ಲಿಪ್ಪೂ ಜೊತೆಗೆ ಕಳಿಸಬಹುದಿತ್ತು."

ಪದ್ದು ಫೋನಿನಿಂದ ತಲೆ ಎತ್ತಲಿಲ್ಲ. "ನೀವೇನೇ ಹೇಳಿ, ಒಂದೇ ಬೆರಳಲ್ಲಿ ಸಂತೆ ಮುಗೀತು."

"ಅದೇ ನನ್ನ ಸಂಕಟ ಕಣಮ್ಮಾ. ಆ ಬೆರಳು ಎಷ್ಟು ಕಲಿತಿತ್ತು! ಬೆಂಡೆಕಾಯಿ ತುದಿ ಲಟಕ್ ಅಂತ ಮುರಿದರೆ ಎಳೇದು, ಬಳುಕಿದರೆ ನಾರು. ಆಲೂಗಡ್ಡೆ ತಿರುಗಿಸಿ, ಹಸಿರು ಇದ್ದರೆ ಪಕ್ಕಕ್ಕಿಡೋದು. ಮೊಸರು ಹಿಂದಿನ ಸಾಲಿಂದ ಎಳೆಯೋದು, ತಾರೀಖು ಹತ್ತಿರ ಬಂದದ್ದನ್ನ ತಾನೇ ಮುಂದೆ ಜೋಡಿಸೋದು? ಬಟ್ಟೆ ಉಜ್ಜಿ ಗಂಜಿ ಎಷ್ಟು ಬಳಿದಿದ್ದಾರೆ ಅಂತ ತಿಳಿಯೋದು. ಇಷ್ಟೆಲ್ಲ ಓದಿದ ಬೆರಳಿಗೆ ಈಗ ಗಾಜು ತಿವಿಯೋ ಕೆಲಸ!"

"ಹೆಬ್ಬೆರಳು ಸ್ಕ್ರಾಲ್ ಇಲಾಖೆಗೆ ವರ್ಗ ಆಗಿದೆ," ಅಂದ ಸೀನ.

"ಉಳಿದ ಮೂರಕ್ಕೆ ಫೋನು ಹೊರೋ ಕೂಲಿ."

"ಅಂಗಡಿಯೇನು ಸತ್ಯಹರಿಶ್ಚಂದ್ರನದಾ?" ಪದ್ದು ಕೆರಳಿದಳು. "ಆ ಹಳದಿ ದೀಪದ ಕೆಳಗೆ ಕಡುನೀಲಿ ಕಪ್ಪಾಗಿ ಕಾಣುತ್ತೆ."

"ಬಾಗಿಲ ತನಕ ಒಯ್ದು ಬೆಳಕಲ್ಲಿ ನೋಡಬಹುದಲ್ಲ. ಫೋನಿಗೆ ಬಾಗಿಲೆಲ್ಲಿದೆ? ರಾತ್ರಿ ಕಣ್ಣಿಗೆ ತಂಪು ಅಂತ ಪರದೇನೇ ಹಳದಿ ಮಾಡ್ಕೊಂಡಿರ್ತೀರಿ. ಬಣ್ಣ ಆರಿಸುವಾಗಾದ್ರೂ ಅದನ್ನ ಆರಿಸಿ!"

"ಹಾಗಾದರೆ ಮಂಡಿ ನೋವಿನವರು ಎಣ್ಣೆ ಡಬ್ಬ ಹೊತ್ಕೊಂಡು ಬರಬೇಕಾ?"

"ಬೇಡಮ್ಮಾ. ಎಣ್ಣೆ, ಉಪ್ಪು, ಸೋಪು ತರಿಸು. ಮುಟ್ಟಿ ತಿಳಿಯೋದು ಅವುಗಳಲ್ಲಿ ಏನಿದೆ? ಲೀಟರಿಗೆಷ್ಟು ಬಿತ್ತು ಅಂತ ಮಾತ್ರ ಭಾಗಿಸು, ದೊಡ್ಡ ಡಬ್ಬ ಯಾವಾಗಲೂ ಅಗ್ಗ ಅಲ್ಲ. 'ಇಲ್ಲದಿದ್ದರೆ ಬದಲಿ ಕಳಿಸಿ' ಅನ್ನೋದರ ಗುರುತು ತೆಗೆ. ಇಲ್ಲವಾದರೆ ಕೊತ್ತಂಬರಿ ಕೇಳಿದವಳಿಗೆ ಪುದೀನ ಬರುತ್ತೆ."

ರಾಯರ ದನಿ ಇಳಿಯಿತು. "ನಮ್ಮ ಬದಲು ಆರಿಸೋದೂ ಒಂದು ಬೆರಳೇ ಅಲ್ವಾ? ಗೋದಾಮಿನಲ್ಲಿ ಗಡಿಯಾರ ನೋಡ್ತಾ ಓಡೋ ಹುಡುಗನದು. ತುದಿ ಮುರಿದು ನೋಡು ಅಂತ ಅವನಿಗೂ ಅವರಮ್ಮ ಹೇಳಿಕೊಟ್ಟಿರ್ತಾಳೆ. ಪುರುಸೊತ್ತೆಲ್ಲಿ?"

ಪದ್ದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬೆಂಡೆಕಾಯಿ ತೆಗೆದುಬಿಟ್ಟೆ," ಅಂದಳು. "ಈಗ ಉಚಿತ ಡೆಲಿವರಿಗೆ ಕಮ್ಮಿ ಬೀಳ್ತಿದೆ ಅಂತಿದೆ."

"ಇನ್ನೊಂದು ಸೋಪು ಹಾಕು," ಅಂದ ಸೀನ.