‘ಅಗ್ನಿನಿರೋಧಕ’ ಎಂದರೆ ಉರಿಯುವುದೇ ಇಲ್ಲವೇ? ಮಕ್ಕಳ ವೇಷದ ಬಟ್ಟೆಗೊಂದು ಪದ ಬೇಕು

ಬಲ್ಲವರಿಗೆ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟಕ್ಕಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಮಕ್ಕಳಿಗೆ ಎಂಥ ವೇಷ ಹಾಕಿಸಬಹುದು, ಎಂಥದ್ದು ಬೇಡ ಎಂಬುದು ವಿಷಯ. ಓದುವವರು ಹೆಚ್ಚಾಗಿ ಊರಿನಿಂದ ಬಂದಿರುವ ಅಜ್ಜ ಅಜ್ಜಿಯರು. ಮೊಮ್ಮಕ್ಕಳ ಜೊತೆ ಮನೆಮನೆಗೆ ಹೋಗುವವರೂ ಅವರೇ, ಹಳೇ ಸೀರೆ ಕತ್ತರಿಸಿ ಮಾಟಗಾತಿಯ ನಿಲುವಂಗಿ ಹೊಲಿದುಕೊಡುವವರೂ ಅವರೇ.

ವೇಷ ಕೊಳ್ಳುವಾಗ ಚೀಟಿಯಲ್ಲಿ ‘ಫ್ಲೇಮ್ ರೆಸಿಸ್ಟೆಂಟ್’ ಎಂದಿದೆಯೇ ನೋಡಿ ಎನ್ನುತ್ತದೆ ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ. ಹಾಗೆಂದು ಅದಕ್ಕೆ ಬೆಂಕಿ ಹತ್ತುವುದೇ ಇಲ್ಲ ಎಂದಲ್ಲ. ಸುಲಭಕ್ಕೆ ಉರಿಯದು, ಜ್ವಾಲೆಯಿಂದ ದೂರ ಸರಿಸಿದರೆ ಬೇಗ ಆರುತ್ತದೆ, ಅಷ್ಟೇ. ಇದಕ್ಕೆ ‘ಅಗ್ನಿನಿರೋಧಕ’ ಎಂದು ಬರೆದೆ. ಓದಿದ ಹಿರಿಯರೊಬ್ಬರು, “ಹಾಗಾದರೆ ದೀಪದ ಹತ್ತಿರ ಹೋದರೂ ಭಯವಿಲ್ಲ ಅನ್ನಿ” ಎಂದರು!

ತಪ್ಪು ಅವರದಲ್ಲ. ‘ರೋಗನಿರೋಧಕ ಶಕ್ತಿ’ ಇದ್ದವರಿಗೂ ಜ್ವರ ಬರುತ್ತದೆ. ಅಲ್ಲಿ ‘ನಿರೋಧಕ’ ಎಂದರೆ ಎದುರಿಸಿ ನಿಲ್ಲುವುದು. ‘ಜಲನಿರೋಧಕ’ ಗಡಿಯಾರದೊಳಗೆ ನೀರು ಹೋದರೆ ಮಾತ್ರ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ಬಟ್ಟೆಯ ವಿಷಯದಲ್ಲಿ ಜನರ ಕಿವಿಗೆ ಈ ಎರಡನೆಯ ಅರ್ಥವೇ ಬೀಳುತ್ತದೆ. ಇಲ್ಲಿ ಮನೆಗಳ ಮೆಟ್ಟಿಲ ಮೇಲೆ ಕೊರೆದ ಕುಂಬಳಕಾಯಿಯೊಳಗೆ ಮೇಣದಬತ್ತಿ ಹಚ್ಚಿಡುವುದುಂಟು. ಅದರ ಉರಿ ಸರಿಯಾಗಿ ಮಗುವಿನ ಲಂಗದ ಅಂಚಿನ ಎತ್ತರಕ್ಕಿರುತ್ತದೆ.

ಅಚ್ಚಗನ್ನಡದಲ್ಲಿ ‘ಉರಿ ಹಬ್ಬದ ಬಟ್ಟೆ’ ಎಂದು ಪ್ರಯತ್ನಿಸಿದೆ. ಅದು ‘ಹಬ್ಬದ ಬಟ್ಟೆ’ಯಾಗಿ, ಉರಿ ಎಂಬ ಹೊಸ ಹಬ್ಬವೇ ಹುಟ್ಟಿಕೊಂಡಿತು. ಸದ್ಯಕ್ಕೆ ‘ಬೇಗ ಬೆಂಕಿ ಹಿಡಿಯದ ಬಟ್ಟೆ’ ಎಂದಿಟ್ಟಿದ್ದೇನೆ. ‘ಬೇಗ’ ಎಂಬುದರಲ್ಲೇ ಎಚ್ಚರಿಕೆಯೂ ಇದೆ ಅನಿಸುತ್ತದೆ, ಆದರೆ ಬೇಗ ಆರುತ್ತದೆ ಎಂಬ ಇನ್ನರ್ಧ ಅದರಲ್ಲಿ ಬರುವುದಿಲ್ಲ. ಇದಕ್ಕಿಂತ ಚಿಕ್ಕದಾಗಿ, ಎರಡನ್ನೂ ಹೇಳುವ ಮಾತು ಯಾರಿಗಾದರೂ ಹೊಳೆಯುತ್ತದೆಯೇ?

ಇನ್ನೊಂದು ತೊಡಕು ಪದದ್ದಲ್ಲ, ನಂಬಿಕೆಯದ್ದು. ದೀಪಾವಳಿಗೆ ಪಟಾಕಿ ಹಚ್ಚುವಾಗ ನೈಲಾನ್ ಬೇಡ, ಹತ್ತಿ ಬಟ್ಟೆ ಹಾಕಿಕೊಳ್ಳಿ ಎಂದು ಕೇಳಿ ಬೆಳೆದವರು ನಾವು. ಇಲ್ಲಿ ವೇಷಕ್ಕೆ ನೈಲಾನ್, ಪಾಲಿಯೆಸ್ಟರ್ ವಾಸಿ ಎನ್ನುತ್ತಾರೆ. ನೈಲಾನ್ ಕರಗಿ ಮೈಗೆ ಅಂಟುತ್ತದೆ, ತೆಳು ಹತ್ತಿ ಥಟ್ಟನೆ ಹೊತ್ತಿಕೊಳ್ಳುತ್ತದೆ, ಎರಡೂ ನಿಜ. ಆದ್ದರಿಂದ ಬಟ್ಟೆಯ ಹೆಸರಿಗಿಂತ ಮೊದಲು ‘ಜೋಲುವ ತೋಳು, ಹರಡುವ ಲಂಗ ಬೇಡ’ ಎಂದು ಬರೆದಿದ್ದೇನೆ.

ಉಳಿದವು ಸಣ್ಣವು. ಮುಖಕ್ಕೆ ಹಚ್ಚುವ ಬಣ್ಣವನ್ನು ಒಂದೆರಡು ದಿನ ಮೊದಲೇ ತೋಳಿನ ಮೇಲೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದೆಯೇ ನೋಡಬೇಕು. ಇದಕ್ಕೆ ‘ಚರ್ಮಪರೀಕ್ಷೆ’ ಎಂದರೆ ಆಸ್ಪತ್ರೆಯ ವಾಸನೆ. ‘ತೋಳಿಗೆ ಹಚ್ಚಿ ನೋಡಿ’ ಸಾಕಲ್ಲವೇ? ಮುಖವಾಡದ ‘ಕಣ್ಣಿನ ತೂತು’ ದೊಡ್ಡದಿರಲಿ ಎಂದಿದ್ದೇನೆ. ‘ಕಂಡಿ’ ಎಂದರೆ ಬೆಂಗಳೂರಿನವರಿಗೂ ತಿಳಿಯುತ್ತದೆಯೇ? ಕರಾವಳಿಯವರು ‘ವೇಷ ಕಟ್ಟು’ ಎನ್ನುತ್ತಾರೆ, ಹಳೇ ಮೈಸೂರಿನ ಕಡೆ ‘ಹಾಕು’. ಧಾರವಾಡ, ಕಲಬುರಗಿ ಕಡೆ ಮಕ್ಕಳ ವಿಷಯದಲ್ಲಿ ಏನನ್ನುತ್ತೀರಿ? ಅಲ್ಲಿನವರೂ ಈ ಕರಪತ್ರ ಓದುತ್ತಾರೆ.