ಅಮೆರಿಕದ ಅಂತರ್ಯುದ್ಧದ ಕಪ್ಪು ಸೈನಿಕರ ವಂಶಾವಳಿ: 1870ಕ್ಕಿಂತ ಹಿಂದೆ ಹುಡುಕುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಹಾಸನ ಜಿಲ್ಲೆಯವರು. ಮಗ ಸಿನ್ಸಿನಾಟಿಯಲ್ಲಿ ನೆಲೆಸಿದ್ದಾನೆ, ಸೊಸೆ ಕೆಂಟಕಿ ರಾಜ್ಯದ ಆಫ್ರಿಕನ್ ಅಮೆರಿಕನ್ ಮನೆತನದವಳು. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶಾವಳಿಯನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆಯದನ್ನು ಹೆಳವರ ಬಾಯಿಂದ ಕೇಳಿ ಹಿರಿಯರು ಬರೆದಿಟ್ಟಿದ್ದರಿಂದ ಕಷ್ಟವಾಗಲಿಲ್ಲ. ಬೀಗರ ಕಡೆಯದು 1870ರ ಜನಗಣತಿಗೆ ಬಂದು ನಿಂತುಬಿಟ್ಟಿದೆ. ಅದರಲ್ಲಿ ಸೊಸೆಯ ಪೂರ್ವಜರೊಬ್ಬರು ಕೆಂಟಕಿಯ ಜೆಸ್ಸಮೈನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಹೆಂಡತಿ ಮಕ್ಕಳೊಡನೆ ಕೃಷಿ ಕೂಲಿಗಾರರಾಗಿ ದಾಖಲಾಗಿದ್ದಾರೆ. ಅದಕ್ಕೂ ಹಿಂದಿನ ಯಾವ ಪಟ್ಟಿಯಲ್ಲೂ ಅವರಿಲ್ಲ. ಅವರು ಉತ್ತರದ ಸೇನೆಯಲ್ಲಿ ಹೋರಾಡಿದ್ದರೆಂದು ಮನೆಯವರು ಹೇಳುತ್ತಾ ಬಂದಿದ್ದಾರೆ, ಆದರೆ ಯಾವ ರೆಜಿಮೆಂಟ್ ಎಂಬುದು ಯಾರಿಗೂ ತಿಳಿಯದು. ಅವರ ಹೆಸರು ತೀರ ಸಾಮಾನ್ಯವಾದದ್ದು. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನಮಸ್ಕಾರ. ಗುಲಾಮಗಿರಿಯಲ್ಲಿದ್ದವರ ಹೆಸರುಗಳು ಫೆಡರಲ್ ಜನಗಣತಿಯಲ್ಲಿ ಸಾಮಾನ್ಯವಾಗಿ ಮೊದಲ ಸಲ ಕಾಣಿಸುವುದೇ 1870ರಲ್ಲಿ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಬರಿಯ ವಯಸ್ಸು, ಲಿಂಗ, ಮೈಬಣ್ಣ ಇಷ್ಟನ್ನೇ ಬರೆದಿದ್ದಾರೆ. ಆ ಗೋಡೆಯನ್ನು ದಾಟಲು ನಿಮಗಿರುವ ಅತ್ಯುತ್ತಮ ದಾರಿ ಸೇನೆಯ ದಾಖಲೆಗಳೇ, ಅದರಲ್ಲೂ ಪಿಂಚಣಿ ಕಡತ.

ಮೊದಲು ರೆಜಿಮೆಂಟ್ ತಿಳಿಯಬೇಕು. ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ಜಾಲತಾಣದಲ್ಲಿ ಅಂತರ್ಯುದ್ಧದ ಸೈನಿಕರ ಹೆಸರುಗಳನ್ನು ಉಚಿತವಾಗಿ ಹುಡುಕಬಹುದು. ಒಂದೇ ಹೆಸರಿನವರು ಹಲವರು ಸಿಗುತ್ತಾರೆ. ಅವರಲ್ಲಿ ಒಬ್ಬರನ್ನು ಊಹೆಯಿಂದ ಆರಿಸಿಕೊಳ್ಳಬೇಡಿ. ಅವರು 1910ರವರೆಗೆ ಬದುಕಿದ್ದರೆ ಆ ವರ್ಷದ ಜನಗಣತಿಯ ಹಾಳೆಯ ಬಲತುದಿಯಲ್ಲಿ ‘ಯುಎ’ ಎಂಬ ಎರಡು ಅಕ್ಷರಗಳಿವೆಯೇ ನೋಡಿ. ಉತ್ತರದ ಭೂಸೇನೆಯಲ್ಲಿದ್ದವರಿಗೆ ಹಾಕುತ್ತಿದ್ದ ಗುರುತು ಅದು. 1890ರಲ್ಲಿ ಮಾಜಿ ಸೈನಿಕರ ಮತ್ತು ಅವರ ವಿಧವೆಯರ ಪ್ರತ್ಯೇಕ ಪಟ್ಟಿಯನ್ನೂ ಮಾಡಿದ್ದರು. ಅದರಲ್ಲಿ ರೆಜಿಮೆಂಟ್ ಮತ್ತು ಕಂಪನಿಯನ್ನು ನೇರವಾಗಿ ಬರೆದಿರುತ್ತಾರೆ, ಆದರೆ ಕೆಂಟಕಿಯ ಪಟ್ಟಿಯಲ್ಲಿ ಒಂದು ಭಾಗ ಮಾತ್ರ ಉಳಿದಿದೆ. ಬಳಿಕ ಪಿಂಚಣಿಯ ಸೂಚಿ ಕಾರ್ಡುಗಳನ್ನು ತೆರೆದು, ಕಾರ್ಡಿನಲ್ಲಿರುವ ವಿಧವೆಯ ಹೆಸರು 1870ರ ಜನಗಣತಿಯ ಹೆಂಡತಿಯ ಹೆಸರಿಗೆ ಹೊಂದುತ್ತದೆಯೇ ಎಂದು ಪರಿಶೀಲಿಸಿ. ಹೊಂದಿದರೆ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ಇಡೀ ಕಡತದ ಪ್ರತಿಯನ್ನು ತರಿಸಿ. ಶುಲ್ಕ ಸ್ವಲ್ಪ ಹೆಚ್ಚೇ, ಆದರೂ ಆಯ್ದ ಕೆಲವು ಪುಟಗಳಿಗೆ ತೃಪ್ತರಾಗಬೇಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿಯಾಗಿದೆ. ಜೆಸ್ಸಮೈನ್ ಕೌಂಟಿ ಎಂದಿರುವುದರಿಂದ ಒಂದು ಮಾತು ಸೇರಿಸಲೇಬೇಕು. ಉತ್ತರದ ಸೇನೆಯ ದೊಡ್ಡ ಶಿಬಿರವಾದ ಕ್ಯಾಂಪ್ ನೆಲ್ಸನ್ ಇದ್ದದ್ದು ಅದೇ ಕೌಂಟಿಯಲ್ಲಿ. 1864ರಿಂದ ಹತ್ತು ಸಾವಿರಕ್ಕೂ ಹೆಚ್ಚು ಕಪ್ಪು ಸೈನಿಕರು ಅಲ್ಲಿ ಸೇನೆ ಸೇರಿದರು ಅಥವಾ ತರಬೇತಿ ಪಡೆದರು. 5ನೆಯ ಕಪ್ಪು ಅಶ್ವದಳ, 12ನೆಯ ಹೆವಿ ಆರ್ಟಿಲರಿ (ಭಾರಿ ಫಿರಂಗಿ ದಳ), 114 ಮತ್ತು 116ನೆಯ ಪದಾತಿ ರೆಜಿಮೆಂಟುಗಳು ಅಲ್ಲಿ ರೂಪುಗೊಂಡವು. ಸೇನೆ ಸೇರಿದವನಿಗೆ ಗುಲಾಮಗಿರಿಯಿಂದ ಬಿಡುಗಡೆ ಸಿಗುತ್ತಿತ್ತು, ಅವನ ಹೆಂಡತಿ ಮಕ್ಕಳಿಗೆ ಸಿಗುತ್ತಿರಲಿಲ್ಲ. 1864ರ ನವೆಂಬರಿನ ಕೊರೆಯುವ ಚಳಿಯಲ್ಲಿ ಸುಮಾರು 400 ಹೆಂಗಸರು ಮಕ್ಕಳನ್ನು ಶಿಬಿರದಿಂದ ಹೊರದಬ್ಬಿದರು; ಅವರಲ್ಲಿ 102 ಮಂದಿ ಸತ್ತರು. ಆ ಅನ್ಯಾಯದ ಸುದ್ದಿ ಹಬ್ಬಿದ ಮೇಲೆ, 1865ರ ಮಾರ್ಚ್ 3ರಂದು, ಇಂಥ ಸೈನಿಕರ ಹೆಂಡತಿ ಮಕ್ಕಳನ್ನೂ ಬಿಡುಗಡೆ ಮಾಡುವ ಕಾನೂನು ಬಂತು. ನಿಮ್ಮ ಮೊಮ್ಮಗಳ ವಂಶಾವಳಿಯಲ್ಲಿ ಇದನ್ನು ದಯವಿಟ್ಟು ಬರೆದಿಡಿ. ಹೆಸರು ತಾರೀಖುಗಳಷ್ಟೇ ಇದ್ದರೆ ಆ ಕುಟುಂಬ ಏನನ್ನು ದಾಟಿ ಬಂದಿತೆಂಬುದು ಅವಳಿಗೆ ತಿಳಿಯುವುದಿಲ್ಲ.

ಪಿಂಚಣಿಯ ಜೊತೆಗೆ ಸೇವಾ ದಾಖಲೆಯನ್ನೂ ತೆಗೆಸಿ. ಸೈನಿಕನ ವಯಸ್ಸು, ಎತ್ತರ, ಹುಟ್ಟಿದ ಕೌಂಟಿ, ಸೇನೆ ಸೇರಿದ ಸ್ಥಳ ಅದರಲ್ಲಿರುತ್ತವೆ. ಕೆಂಟಕಿ ಒಕ್ಕೂಟವನ್ನು ಬಿಟ್ಟು ಹೋಗದ ರಾಜ್ಯವಾದ್ದರಿಂದ, ಸರ್ಕಾರಕ್ಕೆ ನಿಷ್ಠರಾದ ಒಡೆಯರು ತಮ್ಮ ಗುಲಾಮ ಸೇನೆ ಸೇರಿದ್ದಕ್ಕೆ 300 ಡಾಲರ್‌ವರೆಗೆ ಪರಿಹಾರ ಕೇಳಬಹುದಿತ್ತು. ಹಾಗೆ ಕೇಳಿದ ಕಾಗದ ಕೆಲವೊಮ್ಮೆ ಸೈನಿಕನ ದಾಖಲೆಯೊಳಗೇ ಉಳಿದಿರುತ್ತದೆ. ಒಡೆಯನ ಹೆಸರು ಒಮ್ಮೆ ಸಿಕ್ಕಿತೆಂದರೆ ಕೌಂಟಿ ನ್ಯಾಯಾಲಯದಲ್ಲಿ ಆ ಮನೆತನದ ಉಯಿಲುಗಳನ್ನೂ ಆಸ್ತಿ ಪಟ್ಟಿಗಳನ್ನೂ ನೋಡಬಹುದು. ಕುದುರೆ, ನೇಗಿಲುಗಳ ಸಾಲಿನಲ್ಲೇ ಮನುಷ್ಯರ ಹೆಸರು, ಎದುರಿಗೆ ಬೆಲೆ. ಓದುವಾಗ ಸಂಕಟವಾಗುತ್ತದೆ, ಆದರೆ ತಾಯಿ ಮಕ್ಕಳ ಹೆಸರು ಒಟ್ಟಿಗೆ ಸಿಗುವ ಜಾಗವೂ ಎಷ್ಟೋ ಸಲ ಅದೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. 12ನೆಯ ಹೆವಿ ಆರ್ಟಿಲರಿಯ ಒಬ್ಬರ ಪಿಂಚಣಿ ಕಾರ್ಡಿನಲ್ಲಿ ವಿಧವೆಯ ಹೆಸರು ಹೊಂದುತ್ತಿದೆ. ಆದರೆ ಸೈನಿಕನ ಮನೆತನದ ಹೆಸರು ಬೇರೆ. ನಮ್ಮವರ ಹೆಸರನ್ನು ಅದರ ಕೆಳಗೆ ‘ಅಲಿಯಾಸ್’ ಎಂದು ಬರೆದಿದ್ದಾರೆ. ಇದನ್ನು ಒಪ್ಪಿಕೊಳ್ಳಬಹುದೇ?

ಮೂರನೆಯ ಉತ್ತರ

ಕಾರ್ಡೊಂದನ್ನೇ ನಂಬಿ ಒಪ್ಪಿಕೊಳ್ಳಬೇಡಿ, ಹಾಗೆಂದು ಹೆಸರು ಬೇರೆ ಎಂಬ ಕಾರಣಕ್ಕೆ ಬಿಟ್ಟೂ ಬಿಡಬೇಡಿ. ಸೇನೆಗೆ ಸೇರುವಾಗ ಗುಮಾಸ್ತ ಒಡೆಯನ ಮನೆತನದ ಹೆಸರನ್ನು ಬರೆದುಕೊಳ್ಳುವುದು, ಯುದ್ಧ ಮುಗಿದ ಮೇಲೆ ಆ ಸೈನಿಕ ತನ್ನ ತಂದೆಯ ಹೆಸರನ್ನು ಇಟ್ಟುಕೊಳ್ಳುವುದು ಬಹಳ ಕಡೆ ನಡೆದಿದೆ. ಎರಡು ಹೆಸರಿದ್ದದ್ದು ನಿಮಗೆ ಅನುಕೂಲವೇ ಆಗಬಹುದು, ಏಕೆಂದರೆ ಇಂಥ ಅರ್ಜಿಗಳ ಬಗ್ಗೆ ಪಿಂಚಣಿ ಕಚೇರಿಗೆ ಅನುಮಾನ ಬಂದಾಗ ವಿಶೇಷ ತನಿಖಾಧಿಕಾರಿಯನ್ನು ಊರಿಗೇ ಕಳುಹಿಸುತ್ತಿದ್ದರು. ಗುಲಾಮಗಿರಿಯಲ್ಲಿ ನಡೆದ ಮದುವೆಗಳಿಗೆ ಪರವಾನಗಿ ಪತ್ರವಿರಲಿಲ್ಲವಾದ್ದರಿಂದ, ವಿಧವೆ ತಾನು ಅವನ ಹೆಂಡತಿಯೆಂದು ನೆರೆಯವರಿಂದ, ಜೊತೆಗಿದ್ದ ಸೈನಿಕರಿಂದ, ಕೆಲವೊಮ್ಮೆ ಹಳೆಯ ಒಡೆಯನ ಮನೆಯವರಿಂದಲೂ ಪ್ರಮಾಣ ಮಾಡಿಸಬೇಕಾಗುತ್ತಿತ್ತು. ತಾನು ಎಲ್ಲಿ ಹುಟ್ಟಿದ್ದು, ಯಾರು ಯಾರಿಗೆ ಮಾರಿದರು, ತಾಯಿ ಯಾರು, ಅಣ್ಣತಮ್ಮಂದಿರು ಎಲ್ಲಿಗೆ ಹೋದರು ಎಂಬುದೆಲ್ಲ ಆ ಹೇಳಿಕೆಗಳಲ್ಲಿ ದಾಖಲಾಗಿರುತ್ತದೆ. ಅದನ್ನು ಓದಿ, ಮಕ್ಕಳ ಹೆಸರು ಮತ್ತು ವಯಸ್ಸನ್ನು 1870ರ ಜನಗಣತಿಯೊಂದಿಗೆ ತಾಳೆ ನೋಡಿದ ಮೇಲೆ ನಿರ್ಧರಿಸಿ.

ಕಡತ ಕೈಸೇರುವವರೆಗೆ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ತೆರೆದಿದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಲೆಕ್ಸಿಂಗ್ಟನ್ ಮತ್ತು ಲೂಯಿವಿಲ್ ಶಾಖೆಗಳ ಖಾತೆದಾರರ ಪುಸ್ತಕಗಳನ್ನು ಎರಡೂ ಹೆಸರುಗಳಲ್ಲಿ ಹುಡುಕಿ. 1865ರಲ್ಲಿ ಆರಂಭವಾಗಿ 1874ರಲ್ಲಿ ಮುಚ್ಚಿಹೋದ ಆ ಬ್ಯಾಂಕು ಖಾತೆ ತೆರೆಯುವವರಿಂದ ತಂದೆ ತಾಯಿ, ಒಡಹುಟ್ಟಿದವರ ಹೆಸರುಗಳನ್ನೂ ಕೇಳಿ ಬರೆದುಕೊಳ್ಳುತ್ತಿತ್ತು. ಸೈನಿಕನಾಗಿದ್ದರೆ ರೆಜಿಮೆಂಟ್ ಮತ್ತು ಕಂಪನಿಯನ್ನೂ ನಮೂದಿಸಿರುವುದುಂಟು. ಅವರಿಗೆ ಸೇನೆ ಸೇರಿದ ಅಣ್ಣನೋ ತಮ್ಮನೋ ಇದ್ದನೆಂದು ತಿಳಿದುಬಂದರೆ ಅವನ ಪಿಂಚಣಿ ಕಡತವನ್ನೂ ತರಿಸಿ. ತಾಯಿಯ ಹೆಸರು ಒಬ್ಬನ ಕಡತದಲ್ಲಿ ಇಲ್ಲದಿದ್ದರೂ ಇನ್ನೊಬ್ಬನದರಲ್ಲಿ ಇರಬಹುದು.